ಅಲೆಕ್ಸಾಂಡರ್ ರ‍್ಯಾಮ್ಸಿ ಮನೆತನದ ಕಾಗದಪತ್ರ: 1851ರ ಒಪ್ಪಂದದ ಹಣದ ಜಾಡು ಹಿಡಿಯುವುದು ಎಲ್ಲಿಂದ?

ಓದುಮನೆ (ಪ್ರಶ್ನೆ)

ಮಿನೆಸೋಟದ ಮೊದಲ ಟೆರಿಟರಿ (ಇನ್ನೂ ರಾಜ್ಯವಾಗದ ಪ್ರದೇಶ) ಗವರ್ನರ್ ಅಲೆಕ್ಸಾಂಡರ್ ರ‍್ಯಾಮ್ಸಿ (1815–1903) ಅವರ ಮನೆತನದ ಪತ್ರಗಳು, ದಿನಚರಿಗಳು, ಲೆಕ್ಕಪತ್ರಗಳು ಸೇಂಟ್ ಪಾಲ್‌ನ ಮಿನೆಸೋಟ ಹಿಸ್ಟಾರಿಕಲ್ ಸೊಸೈಟಿಯಲ್ಲಿವೆ. 1851ರ ಜುಲೈ 23ರಂದು ಟ್ರಾವರ್ಸ್ ಡೆ ಸೂನಲ್ಲಿ, ಆಗಸ್ಟ್ 5ರಂದು ಮೆಂಡೋಟದಲ್ಲಿ ಅಲ್ಲಿನ ಮೂಲನಿವಾಸಿಗಳಾದ ಡಕೋಟಾ ಜನರೊಂದಿಗೆ ಆದ ಎರಡು ಭೂ ಒಪ್ಪಂದಗಳಿಗೆ ಅಮೆರಿಕ ಸರ್ಕಾರದ ಪರವಾಗಿ ಸಹಿ ಹಾಕಿದ ಇಬ್ಬರು ಕಮಿಷನರ್‌ಗಳಲ್ಲಿ ರ‍್ಯಾಮ್ಸಿ ಒಬ್ಬರು. ಇನ್ನೊಬ್ಬರು ಲ್ಯೂಕ್ ಲೀ. ಒಪ್ಪಂದದ ಹಣ ಯಾರ ಕೈಯಿಂದ ಯಾರ ಕೈಗೆ ಹೋಯಿತು ಎಂಬುದರ ಮೇಲೆ ಕನ್ನಡದಲ್ಲಿ ಒಂದು ದೀರ್ಘ ಲೇಖನ ಬರೆಯುವುದು ಉದ್ದೇಶ.

ಕೇಳಬೇಕಾದ್ದು ಇಷ್ಟು. ಆ ಹಣದ ಕಾಗದಗಳೆಲ್ಲ ಮನೆತನದ ಸಂಗ್ರಹದಲ್ಲೇ ಇರುತ್ತವೆಯೇ? ಒಪ್ಪಂದದಲ್ಲಿ ಬರುವ 16,65,000 ಡಾಲರ್ ಎಂಬ ಮೊತ್ತವನ್ನು ಹೇಗೆ ಓದಬೇಕು? ವರ್ಷವೇ ಬರೆಯದ ಪತ್ರಗಳಿಗೆ ವರ್ಷ ಕಟ್ಟುವುದು ಹೇಗೆ? ಭಾರತದಲ್ಲಿ ಕುಳಿತೇ ಎಷ್ಟು ಕೆಲಸ ಮುಗಿಸಬಹುದು? ಸೇಂಟ್ ಪಾಲ್‌ನಲ್ಲಿ ಸಿಗುವುದು ಮೂರೇ ದಿನ ಎಂದಾದರೆ ಏನನ್ನು ತರಿಸಿ ನೋಡಬೇಕು?

ರೀಲ್‌ನೋಡುಗ

ಮೊದಲ ಪ್ರಶ್ನೆಗೆ ಉತ್ತರ: ಇಲ್ಲ. ಈ ಸಂಗ್ರಹದ ಬಳಿ ಬರುವ ಹೆಚ್ಚಿನವರು ಎಡವುವುದು ಇಲ್ಲೇ.

1849ರಿಂದ 1853ರವರೆಗೆ ರ‍್ಯಾಮ್ಸಿಗೆ ಮೂರು ಹೊಣೆ ಇದ್ದವು. ಅವರು ಟೆರಿಟರಿಯ ಗವರ್ನರ್. ಗವರ್ನರ್ ಆದ ಕಾರಣಕ್ಕೇ ಇಂಡಿಯನ್ (ಅಂದರೆ ಅಮೆರಿಕದ ಮೂಲನಿವಾಸಿಗಳ) ವ್ಯವಹಾರಗಳ ಸೂಪರಿಂಟೆಂಡೆಂಟ್ ಕೂಡ. ಇದಲ್ಲದೆ ಮನೆಯ ಯಜಮಾನ, ಸೇಂಟ್ ಪಾಲ್‌ನಲ್ಲಿ ನಿವೇಶನ ಕೊಂಡು ಮಾರುತ್ತಿದ್ದ ಆಸ್ತಿವಂತ. ಒಂದೇ ದಿನ, ಒಂದೇ ಮೇಜಿನ ಮೇಲೆ ಬರೆದ ಮೂರು ಕಾಗದಗಳು ಇವತ್ತು ಮೂರು ಕಡೆ ಹಂಚಿಹೋಗಿವೆ. ಹೆಂಡತಿ ಅನ್ನಾ ಅವರಿಗೋ ತಮ್ಮ ಜಸ್ಟಸ್‌ಗೋ ಬರೆದದ್ದು ಮನೆತನದ ಸಂಗ್ರಹದಲ್ಲಿ. ಶಾಸನಸಭೆಗೆ ಬರೆದದ್ದು ಗವರ್ನರ್ ಕಚೇರಿಯ ದಾಖಲೆಗಳಲ್ಲಿ, ಅಂದರೆ ಸ್ಟೇಟ್ ಆರ್ಕೈವ್ಸ್‌ನಲ್ಲಿ (ಅದನ್ನು ನೋಡಿಕೊಳ್ಳುವುದೂ ಸೊಸೈಟಿಯೇ, ಆದರೆ ಸರಣಿ ಬೇರೆ). ಸೂಪರಿಂಟೆಂಡೆಂಟ್ ಆಗಿ ವಾಷಿಂಗ್ಟನ್‌ಗೆ ಕಳಿಸಿದ್ದು ನ್ಯಾಷನಲ್ ಆರ್ಕೈವ್ಸ್‌ನ 75ನೇ ರೆಕಾರ್ಡ್ ಗ್ರೂಪ್‌ನಲ್ಲಿ.

ನೀವು ಹುಡುಕುತ್ತಿರುವ ಹಣದ ಕಾಗದಗಳಲ್ಲಿ ಹೆಚ್ಚಿನವು ಮೂರನೆಯ ಜಾಗದಲ್ಲಿವೆ. ಅಲ್ಲಿಗೆ ದಾರಿ ಮೈಕ್ರೋಫಿಲ್ಮ್ (ಕಾಗದಗಳ ಚಿತ್ರ ತೆಗೆದಿಟ್ಟ ಫಿಲ್ಮ್ ಸುರುಳಿ) ಸಂಖ್ಯೆಗಳು. ಇವನ್ನು ಬರೆದಿಟ್ಟುಕೊಳ್ಳಿ.

ಎಂ 234: ಇಂಡಿಯನ್ ವ್ಯವಹಾರಗಳ ಕಚೇರಿಗೆ ಬಂದ ಪತ್ರಗಳು, 1824–1881. ಇದರಲ್ಲಿ ‘ಸೇಂಟ್ ಪೀಟರ್ಸ್ ಏಜೆನ್ಸಿ’ ಮತ್ತು ‘ಮಿನೆಸೋಟ ಸೂಪರಿಂಟೆಂಡೆನ್ಸಿ’ ಎಂಬ ಎರಡು ತಲೆಬರಹಗಳನ್ನೂ ನೋಡಲೇಬೇಕು. ಒಂದೇ ವಿಷಯದ ಪ್ರಶ್ನೆ ಒಂದರಲ್ಲೂ ಉತ್ತರ ಇನ್ನೊಂದರಲ್ಲೂ ಸಿಕ್ಕಿಕೊಂಡಿರುವುದು ಮಾಮೂಲು.

ಎಂ 842: ಮಿನೆಸೋಟ ಸೂಪರಿಂಟೆಂಡೆನ್ಸಿಯ ಸ್ವಂತ ದಾಖಲೆಗಳು, 1849–1856.

ಟಿ 494: ಒಪ್ಪಂದಗಳ ಮಾತುಕತೆಯ ಕಾಗದಗಳು. ಕಮಿಷನರ್‌ಗಳ ನಡಾವಳಿ, ಸಭೆಯಲ್ಲಿ ಯಾರು ಏನಂದರು ಎಂಬ ಬರವಣಿಗೆ ಇದರಲ್ಲಿದೆ.

ಇದೆಲ್ಲಕ್ಕಿಂತ ಮುಂಚೆ ಓದಬೇಕಾದ್ದು ಇನ್ನೊಂದಿದೆ. ಒಪ್ಪಂದದ ಹಣದ ಬಗ್ಗೆ ರ‍್ಯಾಮ್ಸಿ ಮೇಲೆ ದೂರು ಹೋಗಿ, 1853ರಲ್ಲಿ ವಿಚಾರಣೆ ನಡೆಯಿತು. ವಿಚಾರಿಸಿದವರು ರಿಚರ್ಡ್ ಯಂಗ್ ಮತ್ತು ರ‍್ಯಾಮ್ಸಿ ನಂತರ ಬಂದ ಗವರ್ನರ್ ವಿಲಿಸ್ ಗೋರ್ಮನ್. ಸಾಕ್ಷಿಗಳ ಹೇಳಿಕೆ, ರಸೀದಿಗಳ ನಕಲು, ಅಧಿಕಾರಪತ್ರಗಳು ಎಲ್ಲವೂ 33ನೇ ಕಾಂಗ್ರೆಸ್‌ನ (ಅಮೆರಿಕದ ಸಂಸತ್ತು) ಮೊದಲ ಅಧಿವೇಶನದ ಸೆನೆಟ್ ಎಕ್ಸಿಕ್ಯುಟಿವ್ ಡಾಕ್ಯುಮೆಂಟ್ 61ರಲ್ಲಿ ಅಚ್ಚಾಗಿವೆ. 1854ರ ಫೆಬ್ರವರಿಯಲ್ಲಿ ಸೆನೆಟ್ ಅವರನ್ನು ದೋಷಮುಕ್ತ ಎಂದಿತು. ತೀರ್ಪು ಏನೇ ಇರಲಿ, ನಿಮಗೆ ಬೇಕಾದ ಸಾಕ್ಷ್ಯ ಆ ಪುಟಗಳಲ್ಲಿದೆ. ಮುದ್ರಿತ ಗ್ರಂಥವಾದ್ದರಿಂದ ಕೈಬರಹದ ಕಾಟವೂ ಇಲ್ಲ, ಹಾಥಿಟ್ರಸ್ಟ್‌ನಂಥ ಡಿಜಿಟಲ್ ಗ್ರಂಥಾಲಯಗಳಲ್ಲಿ ಅಮೆರಿಕದ ಹಳೆಯ ಸರ್ಕಾರಿ ಪ್ರಕಟಣೆಗಳು ಮನೆಯಿಂದಲೇ ಓದಲು ಸಿಗುತ್ತವೆ.

ಆಗಿನ ಪತ್ರಿಕೆಗಳನ್ನೂ ದೂರದಿಂದಲೇ ನೋಡಬಹುದು. ಲೈಬ್ರರಿ ಆಫ್ ಕಾಂಗ್ರೆಸ್‌ನ ಪತ್ರಿಕಾ ಸಂಗ್ರಹ, ಸೊಸೈಟಿಯದೇ ಡಿಜಿಟಲ್ ಪತ್ರಿಕಾ ಸಂಗ್ರಹ ಎರಡೂ ಉಚಿತ. 1849ರಲ್ಲಿ ಶುರುವಾದ ‘ಮಿನೆಸೋಟ ಪಯನಿಯರ್’ ಡೆಮಾಕ್ರಟ್ ಪಕ್ಷದ ಕಡೆಯದು, ರ‍್ಯಾಮ್ಸಿ ವಿಗ್ ಪಕ್ಷದವರು. ವಿಗ್ ಕಡೆಯ ‘ಮಿನೆಸೋಟಿಯನ್’ ಜೊತೆಗಿಟ್ಟು ಓದದೆ ಪಯನಿಯರ್ ಒಂದನ್ನೇ ನಂಬಬೇಡಿ.

ಸೊಸೈಟಿಯ ಸಂಗ್ರಹಕ್ಕೆ ಮೈಕ್ರೋಫಿಲ್ಮ್ ಆವೃತ್ತಿ ಇದೆ. ಅದರ ಮುದ್ರಿತ ಕೈಪಿಡಿ 1974ರದು. ಒಂದು ಎಚ್ಚರಿಕೆ: ಆ ಆವೃತ್ತಿಯಲ್ಲಿ ಖಾಸಗಿ ಕಾಗದಗಳೂ ಗವರ್ನರ್ ಕಚೇರಿಯ ದಾಖಲೆಗಳೂ ಒಟ್ಟಿಗಿವೆ. ‘ರ‍್ಯಾಮ್ಸಿ ಫಿಲ್ಮ್’ ಎಂದಷ್ಟೇ ಅಡಿಟಿಪ್ಪಣಿ ಹಾಕಿದರೆ ಆ ಪತ್ರ ಗವರ್ನರ್ ಬರೆದದ್ದೋ ಗೃಹಸ್ಥ ಬರೆದದ್ದೋ ಓದುಗನಿಗೆ ತಿಳಿಯುವುದಿಲ್ಲ. ರೀಲ್ ಸಂಖ್ಯೆ, ಫ್ರೇಮ್ ಸಂಖ್ಯೆಯ ಜೊತೆ ಮೂಲ ಸರಣಿಯ ಹೆಸರನ್ನೂ ಬರೆಯಿರಿ.

ಕಿರ್ದಿಖಾತೆ

ಹಣದ ಪ್ರಶ್ನೆಗೆ.

16,65,000 ಡಾಲರ್ ಎಂಬುದು ಟ್ರಾವರ್ಸ್ ಡೆ ಸೂ ಒಪ್ಪಂದದಲ್ಲಿ ಸಿಸೆಟನ್ ಮತ್ತು ವಾಪೆಟನ್ ಬಣಗಳಿಗೆ ಬರೆದ ಮೊತ್ತ. ಇದು ಯಾರ ಕೈಗೂ ಇಡಿಯಾಗಿ ಹೋದ ಹಣವಲ್ಲ. ಅದನ್ನು ಹೀಗೆ ಬಿಡಿಸಬೇಕು. 2,75,000 ಮುಖಂಡರಿಗೆ: ತಮ್ಮ ಹಳೆಯ ಬಾಧ್ಯತೆಗಳನ್ನು ತೀರಿಸಿಕೊಂಡು ಹೊಸ ಜಾಗಕ್ಕೆ ಹೋಗಲು. 30,000 ಶಾಲೆ, ಗಿರಣಿ, ಕಮ್ಮಾರಸಾಲೆ, ಹೊಲಗಳಿಗೆ. ಉಳಿದ 13,60,000 ಸರ್ಕಾರದ ಬಳಿಯೇ ಟ್ರಸ್ಟ್‌ನಲ್ಲಿ. ಅದರ ಮೇಲೆ ವರ್ಷಕ್ಕೆ ಶೇ 5 ಬಡ್ಡಿ, ಅಂದರೆ 68,000. ಈ 68,000 ಕೂಡ ನಾಲ್ಕು ಪಾಲು: ನಗದು 40,000, ‘ನಾಗರಿಕಗೊಳಿಸುವ’ ನಿಧಿಗೆ 12,000, ಸಾಮಾನು ಮತ್ತು ದವಸಕ್ಕೆ 10,000, ಶಿಕ್ಷಣಕ್ಕೆ 6,000.

ಮೆಂಡೋಟದ್ದು ಬ್ಡೆವಾಕಾಂಟನ್ ಮತ್ತು ವಾಪೆಕುಟೆ ಬಣಗಳ ಒಪ್ಪಂದ. ಒಟ್ಟು 14,10,000. ಅದರಲ್ಲಿ 2,20,000 ಮುಖಂಡರಿಗೆ, 30,000 ಗಿರಣಿ ಶಾಲೆಗಳಿಗೆ, 11,60,000 ಟ್ರಸ್ಟ್. ವರ್ಷಾಶನ 58,000. ಅದರಲ್ಲಿ ನಗದು 30,000, ಉಳಿದ ಮೂರು ಪಾಲು ಮೊದಲಿನಂತೆಯೇ.

ತುಂಬ ಜನ ಬಿಟ್ಟುಬಿಡುವ ವಾಕ್ಯ ಒಂದಿದೆ. ಐವತ್ತು ವರ್ಷ ಬಡ್ಡಿ ಕೊಟ್ಟರೆ ಅಸಲೂ ತೀರಿದಂತೆ ಎಂದು ಒಪ್ಪಂದ ಹೇಳುತ್ತದೆ. ಅಂದರೆ ಆ 13,60,000 ಡಕೋಟಾ ಜನರಿಗೆ ಎಂದೂ ಸೇರುವ ಹಣವೇ ಅಲ್ಲ, ಬಡ್ಡಿ ಲೆಕ್ಕ ಹಾಕಲು ಇಟ್ಟುಕೊಂಡ ಅಂಕಿ. ಆ ಐವತ್ತು ವರ್ಷವೂ ಪೂರ್ತಿಯಾಗಲಿಲ್ಲ. 1862ರಲ್ಲಿ ಡಕೋಟಾ ಜನರಿಗೂ ಅಮೆರಿಕಕ್ಕೂ ನಡೆದ ಯುದ್ಧದ ನಂತರ, 1863ರ ಫೆಬ್ರವರಿ 16ರ ಕಾಯ್ದೆಯಲ್ಲಿ ಕಾಂಗ್ರೆಸ್ ಒಪ್ಪಂದಗಳನ್ನೇ ರದ್ದು ಮಾಡಿ ವರ್ಷಾಶನವನ್ನು ಮುಟ್ಟುಗೋಲು ಹಾಕಿತು. ಲೇಖನದಲ್ಲಿ ‘ಹದಿನಾರೂವರೆ ಲಕ್ಷಕ್ಕೂ ಹೆಚ್ಚು ಡಾಲರ್‌ಗೆ ನೆಲ ಮಾರಿದರು’ ಎಂದು ಬರೆಯಬೇಡಿ. ಅದು ಕಾಗದದ ಭಾಷೆ, ನಡೆದದ್ದು ಅದಲ್ಲ.

ಜಗಳ ಎದ್ದಿದ್ದೆಲ್ಲ ಆ ಮುಂಗಡದ 2,75,000 ಮತ್ತು 2,20,000ದ ಮೇಲೆ. ಟ್ರಾವರ್ಸ್ ಡೆ ಸೂನಲ್ಲಿ ಒಪ್ಪಂದಕ್ಕೆ ಸಹಿಯಾದ ಕೂಡಲೇ ಪಕ್ಕದಲ್ಲಿ ಇನ್ನೊಂದು ಕಾಗದಕ್ಕೂ ಮುಖಂಡರಿಂದ ಗುರುತು ಹಾಕಿಸಿಕೊಳ್ಳಲಾಯಿತು. ಅದಕ್ಕೆ ‘ವ್ಯಾಪಾರಿಗಳ ಕಾಗದ’ ಎಂದೇ ಹೆಸರು. ಮುಂಗಡದಲ್ಲಿ ತುಪ್ಪಳ ವ್ಯಾಪಾರಿಗಳ ಸಾಲ ತೀರಿಸುತ್ತೇವೆ ಎಂಬುದು ಅದರ ತಾತ್ಪರ್ಯ. ಅದು ಒಪ್ಪಂದದ ಇನ್ನೊಂದು ಪ್ರತಿ ಎಂದು ನಂಬಿ ಗುರುತು ಹಾಕಿದೆವು ಎಂದು ಡಕೋಟಾ ಮುಖಂಡರು ಹೇಳಿದರು. ಅದಕ್ಕೆ ಸಾಲದ ಪಟ್ಟಿಯನ್ನು ಲಗತ್ತಿಸಿದ್ದು ನಂತರ. ಮುಂದೆ ಆ ಕಾಗದವನ್ನೇ ಆಧಾರ ಮಾಡಿಕೊಂಡು ಮುಂಗಡದ ಬಹುಪಾಲು ವ್ಯಾಪಾರಿಗಳಿಗೆ ಹೋಯಿತು. ವ್ಯಾಪಾರಿಗಳ ಪರ ಮುಖ್ತಾರನಾಗಿದ್ದ ಹ್ಯೂ ಟೈಲರ್ ಮಧ್ಯೆ 55,000 ಡಾಲರ್‌ಗೂ ಹೆಚ್ಚು ಹಿಡಿದುಕೊಂಡ.

ಹೀಗಾಗಿ ಯಾವ ರಸೀದಿ ಕೈಗೆ ಬಂದರೂ ನಾಲ್ಕು ಸಂಗತಿ ಬೇರೆಬೇರೆ ಬರೆದುಕೊಳ್ಳಿ: ಹಣ ಸಲ್ಲಬೇಕಾದವರು ಯಾರು, ಅವರ ಪರವಾಗಿ ಸಹಿ ಹಾಕಿದವರು ಯಾರು, ಸಾಕ್ಷಿ ಯಾರು, ಹಣ ಯಾವ ರೂಪದಲ್ಲಿತ್ತು. ಚಿನ್ನವೋ, ಬ್ಯಾಂಕ್ ನೋಟೋ, ಡ್ರಾಫ್ಟೋ? ಈ ನಾಲ್ಕನೆಯದನ್ನು ಅಲಕ್ಷ್ಯ ಮಾಡಬೇಡಿ, ವಿಚಾರಣೆಯಲ್ಲಿ ಅದೂ ಒಂದು ಆರೋಪವಾಗಿತ್ತು. ಒಂದೇ ಮೊತ್ತ ಅಧಿಕಾರಪತ್ರದಲ್ಲಿ ಒಮ್ಮೆ, ರಸೀದಿಯಲ್ಲಿ ಒಮ್ಮೆ, ವರ್ಷದ ಲೆಕ್ಕದಲ್ಲಿ ಮತ್ತೊಮ್ಮೆ ಬರುತ್ತದೆ. ಮೂರನ್ನೂ ಕೂಡಿಸಿ ಮೂರು ಪಟ್ಟು ಹಣ ತೋರಿಸಿದ ಬರಹಗಳನ್ನು ಕಂಡದ್ದಿದೆ.

ಅಂಕಣದಲ್ಲಿ ‘ಡಿ’ ಮತ್ತು ‘ಓ’ ಅಕ್ಷರ ಜೋಡಿ ಕಂಡರೆ ಅದು ಡಿಟ್ಟೊ, ನಮ್ಮ ‘ಸದರಿ’. ಮೇಲಿನ ಸಾಲಿನ ಹೆಸರು ಇಲ್ಲಿಗೂ ಅನ್ವಯ. ಪುಟ ತಿರುಗಿದ ಮೇಲೆ ಬರುವ ಮೊದಲ ಡಿಟ್ಟೊ ಹಿಂದಿನ ಪುಟದ ಕೊನೆಯ ಹೆಸರಿಗೆ ಸೇರುತ್ತದೆ. ಪುಟ ಬಿಡಿಬಿಡಿಯಾಗಿ ಫೋಟೋ ತೆಗೆದವರು ಅಲ್ಲೇ ತಪ್ಪುತ್ತಾರೆ.

ಓದುಮನೆ

ಇಬ್ಬರಿಗೂ ಧನ್ಯವಾದ. ಬಡ್ಡಿ-ಅಸಲಿನ ವಿಷಯ ಲೇಖನದ ದಿಕ್ಕನ್ನೇ ಬದಲಿಸುತ್ತದೆ. ಪತ್ರಗಳ ಕಾಲ ನಿರ್ಣಯದ ಬಗ್ಗೆ ಯಾರಾದರೂ ಹೇಳಿ. ಬರೀ ವಾರ ಮತ್ತು ತಾರೀಖು ಇರುವ ಪತ್ರಗಳು, ಮೇಲೆ ‘ಸೇಂಟ್ ಪೀಟರ್ಸ್’ ಎಂದಷ್ಟೇ ಊರು ಬರೆದ ಪತ್ರಗಳು ತೊಡಕಾಗಿವೆ. ನಕ್ಷೆಯಲ್ಲಿ ಸೇಂಟ್ ಪೀಟರ್ ಎಂಬ ಊರು ಟ್ರಾವರ್ಸ್ ಡೆ ಸೂ ಪಕ್ಕದಲ್ಲೇ ಇದೆ, ಅದೇನಾ?

ಅಂಚೆಮೊಹರು

1850ರ ದಶಕದ ಆರಂಭದವರೆಗೆ ಅದಲ್ಲ. ಇವತ್ತಿನ ಮಿನೆಸೋಟ ನದಿಗೆ ಆಗ ಸೇಂಟ್ ಪೀಟರ್ಸ್ ನದಿ ಎಂದು ಹೆಸರು. ಕಾಂಗ್ರೆಸ್ ಹೆಸರು ಬದಲಿಸಿದ್ದು 1852ರಲ್ಲಿ. ಆ ನದಿ ಮಿಸಿಸಿಪ್ಪಿಗೆ ಸೇರುವ ಬಾಯಲ್ಲಿರುವ ಮೆಂಡೋಟ, ಎದುರಿನ ಫೋರ್ಟ್ ಸ್ನೆಲಿಂಗ್ ಕೋಟೆಯ ಸುತ್ತಮುತ್ತ, ಎಲ್ಲವನ್ನೂ ‘ಸೇಂಟ್ ಪೀಟರ್ಸ್’ ಎಂದೇ ಬರೆಯುತ್ತಿದ್ದರು. ಸೇಂಟ್ ಪೀಟರ್ ಊರು ಹುಟ್ಟಿದ್ದು 1853ರಲ್ಲಿ. 1849ರ ಪತ್ರದ ಮೇಲೆ ಆ ಹೆಸರಿದ್ದರೆ ಮೆಂಡೋಟ ಎಂದು ಓದಿ. ರ‍್ಯಾಮ್ಸಿ ದಂಪತಿ 1849ರ ಮೇ ಕೊನೆಯಲ್ಲಿ ಬಂದಾಗ ಸೇಂಟ್ ಪಾಲ್‌ನಲ್ಲಿ ತಕ್ಕ ಮನೆ ಸಿಗದೆ ಸುಮಾರು ಒಂದು ತಿಂಗಳು ಮೆಂಡೋಟದಲ್ಲಿ ತುಪ್ಪಳ ವ್ಯಾಪಾರಿ ಹೆನ್ರಿ ಸಿಬ್ಲಿ ಮನೆಯಲ್ಲೇ ಇದ್ದರು ಎಂಬುದೂ ನೆನಪಿರಲಿ. ಅದೇ ರೀತಿ ಪತ್ರಗಳಲ್ಲಿ ಬರುವ ‘ಸೇಂಟ್ ಆಂಥನಿ’ ಎಂಬ ಊರು 1872ರಲ್ಲಿ ಮಿನಿಯಾಪೊಲಿಸ್‌ನಲ್ಲಿ ಲೀನವಾಯಿತು.

ವಾರ ಮತ್ತು ತಾರೀಖು ಮಾತ್ರ ಇದ್ದರೆ ಶಾಶ್ವತ ಪಂಚಾಂಗ ತೆಗೆದು ಹೊಂದುವ ವರ್ಷಗಳ ಪಟ್ಟಿ ಮಾಡಿ. ಉದಾಹರಣೆಗೆ ‘ಬುಧವಾರ, ಜುಲೈ 23’ ಎಂದಿದೆ ಎನ್ನಿ. 1845ರಿಂದ 1875ರ ನಡುವೆ ಅದು ಐದೇ ವರ್ಷಕ್ಕೆ ಹೊಂದುತ್ತದೆ: 1845, 1851, 1856, 1862, 1873. ಊರಿನ ಹೆಸರು ಮಿನೆಸೋಟದ್ದಾದರೆ 1845 ಬಿದ್ದುಹೋಯಿತು, ಆಗ ಅವರು ಇನ್ನೂ ಪೆನ್ಸಿಲ್ವೇನಿಯದವರು. ಮಗಳು ಮೇರಿಯನ್ ಹುಟ್ಟಿದ್ದು 1853ರಲ್ಲಿ. ಅವಳ ಪ್ರಸ್ತಾಪ ಇದ್ದರೆ 1851 ಹೋಯಿತು. ಹೀಗೆ ಒಂದೊಂದಾಗಿ ಕಳೆಯುತ್ತ ಬನ್ನಿ.

ವಾಷಿಂಗ್ಟನ್‌ನಿಂದ ಬರೆದದ್ದಾದರೆ ಕಾಂಗ್ರೆಸ್‌ನ ಕ್ಯಾಲೆಂಡರ್ ಕೈಹಿಡಿಯುತ್ತದೆ. ಅಧಿವೇಶನ ಶುರುವಾಗುತ್ತಿದ್ದದ್ದು ಡಿಸೆಂಬರ್‌ನಲ್ಲಿ. ಬೆಸ ವರ್ಷದ ಡಿಸೆಂಬರ್‌ನಲ್ಲಿ ಶುರುವಾದದ್ದು ಮರುವರ್ಷದ ಬೇಸಿಗೆಯವರೆಗೆ ಎಳೆಯುತ್ತಿತ್ತು, ಸಮ ವರ್ಷದ್ದು ಮಾರ್ಚ್ ಮೊದಲ ವಾರಕ್ಕೆ ಮುಗಿಯುತ್ತಿತ್ತು. ರ‍್ಯಾಮ್ಸಿ ಸೆನೆಟರ್ ಆಗಿದ್ದದ್ದು 1863–1875. ಆ ಅವಧಿಯಲ್ಲಿ ಜೂನ್-ಜುಲೈನಲ್ಲಿ ಸೆನೆಟ್ ಕೆಲಸದ ನಡುವೆ ಬರೆದ ಪತ್ರ ಬಹುಮಟ್ಟಿಗೆ ಸಮ ವರ್ಷದ್ದು. 1867ರ ಜುಲೈ ಇದಕ್ಕೆ ಅಪವಾದ, ಆಗ ಕೆಲವು ದಿನ ಕಾಂಗ್ರೆಸ್ ಸೇರಿತ್ತು.

ಇನ್ನು ಅಂಚೆಯ ಗುರುತುಗಳು. 1845ರಿಂದ ಅರ್ಧ ಔನ್ಸ್ ಪತ್ರಕ್ಕೆ 300 ಮೈಲಿಯವರೆಗೆ 5 ಸೆಂಟ್, ಅದಕ್ಕೂ ದೂರಕ್ಕೆ 10 ಸೆಂಟ್. 1851ರ ಜುಲೈಯಿಂದ ಮುಂಚಿತವಾಗಿ ಪಾವತಿಸಿದ ಪತ್ರಕ್ಕೆ 3,000 ಮೈಲಿಯವರೆಗೆ 3 ಸೆಂಟ್. 1855ರಿಂದ ಮುಂಗಡ ಪಾವತಿ ಕಡ್ಡಾಯ, 1856ರಿಂದ ಅಂಚೆ ಚೀಟಿ ಅಂಟಿಸುವುದೂ ಕಡ್ಡಾಯ. ಅಂಚಿನಲ್ಲಿ ತೂತುಗಳಿಲ್ಲದೆ ಕತ್ತರಿಯಲ್ಲಿ ಕತ್ತರಿಸಿದ 3 ಸೆಂಟಿನ ಕೆಂಪು ಚೀಟಿ 1851ರ ನಂತರದ್ದು, ತೂತಿನ ಅಂಚಿನದು 1857ರ ನಂತರದ್ದು. 1861ರಲ್ಲಿ ಅಂತರ್ಯುದ್ಧ ಶುರುವಾದಾಗ ದಕ್ಷಿಣದ ರಾಜ್ಯಗಳ ಕೈಯಲ್ಲಿದ್ದ ಚೀಟಿಗಳು ಉಪಯೋಗವಾಗದಿರಲೆಂದು ಹಳೆಯವನ್ನೆಲ್ಲ ರದ್ದು ಮಾಡಿ ಹೊಸ ಚಿತ್ರದ ಚೀಟಿ ತಂದರು. ಅಂಚೆ ಮುದ್ರೆಯಲ್ಲಿ ಆಗ ಸಾಮಾನ್ಯವಾಗಿ ತಿಂಗಳು, ತಾರೀಖು ಇರುತ್ತಿತ್ತು, ವರ್ಷ ಇರುತ್ತಿರಲಿಲ್ಲ. ಚೀಟಿಯೇ ವರ್ಷ ಹೇಳಬೇಕು.

ಚೀಟಿಯೇ ಇಲ್ಲದೆ ಬಲ ಮೂಲೆಯಲ್ಲಿ ರ‍್ಯಾಮ್ಸಿ ಸಹಿ ಇದ್ದರೆ ಅದು ಶಾಸಕರ ಉಚಿತ ಅಂಚೆ ಸೌಲಭ್ಯ. ಸಹಿಯ ಮುಂದೆ ಕಾಂಗ್ರೆಸ್ ಸದಸ್ಯ ಎಂಬ ‘ಎಂ.ಸಿ.’ ಇದ್ದರೆ ಕೆಳಮನೆಯಲ್ಲಿದ್ದ 1843–1847ರ ಕಾಲ, ಸೆನೆಟರ್ ಎಂದಿದ್ದರೆ 1863ರ ನಂತರ. ಆ ಸೌಲಭ್ಯ 1873ರ ಜುಲೈ 1ಕ್ಕೆ ನಿಂತಿತು, ಹಾಗಾಗಿ ಅದೇ ಮೇಲಿನ ಮಿತಿ. ಸೆನೆಟ್‌ನ ಅಂಚೆ ಸಮಿತಿಗೆ ಆಗ ಅಧ್ಯಕ್ಷರಾಗಿದ್ದವರು ರ‍್ಯಾಮ್ಸಿಯವರೇ.

ಒಕ್ಕಣೆಯೊಳಗೆ ‘ಇನ್‌ಸ್ಟಂಟ್’ನ ಸಂಕ್ಷೇಪ ಬಂದರೆ ಚಾಲ್ತಿ ತಿಂಗಳು, ‘ಅಲ್ಟಿಮೊ’ ಬಂದರೆ ಹಿಂದಿನ ತಿಂಗಳು, ‘ಪ್ರಾಕ್ಸಿಮೊ’ ಬಂದರೆ ಮುಂದಿನದು. ತಿಂಗಳ ಮೊದಲ ವಾರದಲ್ಲಿ ಬರೆದ ಪತ್ರಗಳಲ್ಲಿ ಇದನ್ನು ತಪ್ಪಾಗಿ ಓದಿದರೆ ಇಡೀ ಘಟನಾಕ್ರಮ ಒಂದು ತಿಂಗಳು ಸರಿದುಹೋಗುತ್ತದೆ.

ಅನ್ನಾ ಅವರ ತವರು ಪೆನ್ಸಿಲ್ವೇನಿಯದ ನ್ಯೂಟೌನ್, ಜೆಂಕ್ಸ್ ಮನೆತನ, ಕ್ವೇಕರ್ ಪಂಥದವರು. ಕ್ವೇಕರರು ವಾರ ತಿಂಗಳುಗಳಿಗೆ ರೋಮನ್ ದೇವತೆಗಳ ಹೆಸರು ಬಳಸುತ್ತಿರಲಿಲ್ಲ, ಸಂಖ್ಯೆ ಬರೆಯುತ್ತಿದ್ದರು. ಆ ಕಡೆಯ ಬಂಧುಗಳ ಪತ್ರದಲ್ಲಿ ‘ನಾಲ್ಕನೇ ದಿನ, 7ನೇ ತಿಂಗಳು 23’ ಎಂಬಂಥದ್ದು ಕಂಡರೆ ಬುಧವಾರ, ಜುಲೈ 23 ಎಂದು ಓದಿ. ಮೊದಲ ದಿನ ಭಾನುವಾರ.

ರೀಲ್‌ನೋಡುಗ

ಮೇಲಿನದಕ್ಕೆ ಒಂದು ತಿದ್ದುಪಡಿ ಸೇರಿಸುತ್ತೇನೆ. ಲಕೋಟೆಯನ್ನು ನಂಬುವ ಮೊದಲು ಅದು ಆ ಪತ್ರದ್ದೇ ಎಂದು ಖಚಿತ ಮಾಡಿಕೊಳ್ಳಿ. ಮನೆಯವರು ಪತ್ರಗಳನ್ನು ಮತ್ತೆ ಮತ್ತೆ ತೆಗೆದು ಓದಿ ಇಡುವಾಗ ಲಕೋಟೆ ಅದಲುಬದಲಾಗುತ್ತದೆ. ಈ ಮನೆಯಲ್ಲಂತೂ ಮಗಳು ಮೇರಿಯನ್ ಫರ್ನೆಸ್, ಅವರ ನಂತರ ಮೊಮ್ಮಕ್ಕಳಾದ ಅನಿಟಾ ಮತ್ತು ಲಾರಾ ಹೀಗೆ ಮೂರು ತಲೆಮಾರು ವಾಸವಿದ್ದರು. 1872ರಲ್ಲಿ ಕಟ್ಟಿ ಮುಗಿಸಿದ ಮನೆ 1964ರಲ್ಲಿ ಅನಿಟಾ ತೀರಿಕೊಳ್ಳುವವರೆಗೂ ಅದೇ ಕುಟುಂಬದ ಕೈಯಲ್ಲಿತ್ತು, ನಂತರ ಸೊಸೈಟಿಗೆ ಬಂತು. ಮಡಿಕೆಯ ಗೆರೆಗಳು ಲಕೋಟೆಯ ಅಳತೆಗೆ ಕೂಡಿಬರುತ್ತವೆಯೇ ನೋಡಿ. 1840ರ ದಶಕದ ಪತ್ರಗಳಿಗೆ ಬಹುಪಾಲು ಲಕೋಟೆಯೇ ಇಲ್ಲ. ಹಾಳೆಯನ್ನೇ ಮಡಚಿ, ಮೇಣದಿಂದಲೋ ಅಂಟುಬಿಲ್ಲೆಯಿಂದಲೋ ಮೊಹರು ಮಾಡಿ, ಹೊರಮೈಮೇಲೆ ವಿಳಾಸ ಬರೆಯುತ್ತಿದ್ದರು. ಅವುಗಳಲ್ಲಿ ಈ ತೊಂದರೆ ಇಲ್ಲ.

ಪತ್ರ ತಲುಪಿದವರು ಹೊರಮೈಮೇಲೆ ಬರೆದಿಡುವ ಷರಾದಲ್ಲೂ ವರ್ಷ ಸಿಗುತ್ತದೆ. ಆದರೆ ಅದು ಕೆಲವೊಮ್ಮೆ ಬರೆದ ದಿನ, ಕೆಲವೊಮ್ಮೆ ಬಂದ ದಿನ, ಮತ್ತೆ ಕೆಲವೊಮ್ಮೆ ಉತ್ತರಿಸಿದ ದಿನ. ಚಳಿಗಾಲದಲ್ಲಿ ಈ ಮೂರರ ನಡುವೆ ವಾರಗಟ್ಟಲೆ ಅಂತರ. ಮಿಸಿಸಿಪ್ಪಿ ಹೆಪ್ಪುಗಟ್ಟಿದರೆ, ಸಾಮಾನ್ಯವಾಗಿ ನವೆಂಬರ್ ಕೊನೆಯಿಂದ ಏಪ್ರಿಲ್‌ವರೆಗೆ, ಹಬೆದೋಣಿ ನಿಲ್ಲುತ್ತಿತ್ತು. ಅಂಚೆ ಹಿಮಗಾಡಿಯಲ್ಲಿ ಬರಬೇಕು. ಟೆಲಿಗ್ರಾಫ್ ತಂತಿ ಸೇಂಟ್ ಪಾಲ್ ಮುಟ್ಟಿದ್ದು 1860ರಲ್ಲಿ. ಸೆನೆಟ್ 1852ರ ಜೂನ್ 23ರಂದು ಒಪ್ಪಂದಗಳಿಗೆ ಅನುಮೋದನೆ ಕೊಡುವಾಗ ಡಕೋಟಾ ಜನರಿಗೆ ಮೀಸಲಾಗಿದ್ದ ನೆಲದ ಕಲಮನ್ನೇ ಕಿತ್ತುಹಾಕಿತು. ಆ ಸುದ್ದಿ ಅಲ್ಲಿಗೆ ಬಂದು, ಬದಲಾವಣೆಗೆ ಮುಖಂಡರ ಒಪ್ಪಿಗೆ ಪಡೆಯುವ ಹೊಣೆ ರ‍್ಯಾಮ್ಸಿ ಮೇಲೆ ಬಿತ್ತು. ಜೂನ್ ಕೊನೆಯ ಪತ್ರದಲ್ಲಿ ಅದರ ಸುಳಿವೇ ಇಲ್ಲದಿದ್ದರೆ ‘ಮುಚ್ಚಿಟ್ಟರು’ ಎಂದು ತೀರ್ಮಾನಿಸುವ ಮೊದಲು ಸುದ್ದಿ ತಲುಪಿತ್ತೇ ಎಂದು ದಿನ ಎಣಿಸಿ.

ಮಿನಿಸೋಟ ಮಕೋಚೆ

ಮೇಲಿನ ಉತ್ತರಗಳು ಉಪಯುಕ್ತ. ಆದರೆ ಇದುವರೆಗೆ ಹೇಳಿದ ಕಾಗದಗಳೆಲ್ಲ ಒಂದೇ ಕಡೆಯವು. ರ‍್ಯಾಮ್ಸಿ ಈ ಸೊಸೈಟಿಯ ಮೊದಲ ಅಧ್ಯಕ್ಷರು. ಮನೆಯ ಕಾಗದಗಳನ್ನು ಕಾಪಾಡಿದವರು ಅವರ ಮಗಳು, ಮೊಮ್ಮಕ್ಕಳು. ಯಾವುದು ಉಳಿಯಿತು ಎಂಬುದರಲ್ಲೇ ಅವರ ಆಯ್ಕೆ ಇದೆ. 1862ರ ಸೆಪ್ಟೆಂಬರ್ 9ರಂದು ಡಕೋಟಾ ಜನರನ್ನು ನಿರ್ನಾಮ ಮಾಡಬೇಕು, ಇಲ್ಲವೇ ರಾಜ್ಯದ ಗಡಿಯಾಚೆಗೆ ಶಾಶ್ವತವಾಗಿ ಅಟ್ಟಬೇಕು ಎಂದು ಶಾಸನಸಭೆಗೆ ಹೇಳಿದವರು ಆಗ ಮಿನೆಸೋಟ ರಾಜ್ಯದ ಗವರ್ನರ್ ಆಗಿದ್ದ ಇವರೇ. ಅದೇ ಡಿಸೆಂಬರ್ 26ರಂದು ಮ್ಯಾಂಕೇಟೊದಲ್ಲಿ 38 ಮಂದಿಯನ್ನು ಒಟ್ಟಿಗೆ ಗಲ್ಲಿಗೇರಿಸಲಾಯಿತು. 1851ರ ಹಣದ ಕಥೆ ಬರೆಯುವವರು ಅಲ್ಲಿಗೆ ತಲುಪದೆ ಇರಲಾಗದು.

ಡಕೋಟಾ ಜನರ ಕಡೆಯ ಬರಹ ಇಲ್ಲ ಎಂದುಕೊಳ್ಳಬೇಡಿ. ಯುದ್ಧದ ನಂತರ ಅಯೋವಾದ ಡೇವನ್‌ಪೋರ್ಟ್ ಬಳಿಯ ಶಿಬಿರದಲ್ಲಿ ಸೆರೆಯಲ್ಲಿದ್ದವರು ಮಿಷನರಿ ಸ್ಟೀಫನ್ ರಿಗ್ಸ್‌ಗೆ ತಮ್ಮದೇ ಡಕೋಟಾ ಭಾಷೆಯಲ್ಲಿ ಬರೆದ ಪತ್ರಗಳು ಉಳಿದಿವೆ. ಇರುವುದು ಇದೇ ಸೊಸೈಟಿಯಲ್ಲಿ, ರಿಗ್ಸ್ ಕುಟುಂಬದ ಕಾಗದಗಳ ಜೊತೆ. ಡಕೋಟಾ ಭಾಷೆ ಬಲ್ಲ ಹಿರಿಯರು ಮಾಡಿದ ಇಂಗ್ಲಿಷ್ ಅನುವಾದ 2013ರಲ್ಲಿ ಪ್ರಕಟವಾಗಿದೆ. 1851ರ ಸಭೆಗಳಲ್ಲಿ ಮುಖಂಡರು ಆಡಿದ ಮಾತು ಟಿ 494ರಲ್ಲಿ ಇದೆ, ಆದರೆ ಅದು ದುಭಾಷಿಯ ಬಾಯಿಂದ ಬಂದು ಕಾರ್ಯದರ್ಶಿಯ ಕೈಯಲ್ಲಿ ಇಳಿದದ್ದು. ಉಲ್ಲೇಖಿಸುವಾಗ ದುಭಾಷಿ ಯಾರು ಎಂದೂ ಬರೆಯಿರಿ.

ಹುಡುಕುವಾಗ ಹೆಸರುಗಳ ತೊಡಕಿದೆ. ಹಳೆಯ ಕಾಗದದಲ್ಲಿ, ಹಳೆಯ ಕ್ಯಾಟಲಾಗಿನಲ್ಲಿ ‘ಸೂ’ ಎಂದಿರುವುದು ಡಕೋಟಾ, ‘ಚಿಪೆವಾ’ ಎಂದಿರುವುದು ಓಜಿಬ್ವೆ, ‘ವಿನೆಬೇಗೊ’ ಎಂದಿರುವುದು ಹೋ-ಚಂಕ್. ಎರಡೆರಡು ಹೆಸರಿನಿಂದಲೂ ಹುಡುಕಿ. ನಕಲು ತೆಗೆಯುವಾಗ ಮೂಲದಲ್ಲಿರುವಂತೆಯೇ ಬರೆಯಿರಿ, ನಿಮ್ಮ ವಾಕ್ಯದಲ್ಲಿ ಆ ಜನರ ಸ್ವಂತ ಹೆಸರನ್ನು ಬಳಸಿ. ವ್ಯಕ್ತಿಗಳ ಹೆಸರನ್ನು ಗುಮಾಸ್ತರು ಕಿವಿಗೆ ಬಿದ್ದಂತೆ ಬರೆದಿದ್ದಾರೆ: ವಾಬಷಾ, ವಾಪಾಶಾ, ವಾಬಶಾ ಎಲ್ಲ ಒಬ್ಬರೇ. ಸಾಲದ್ದಕ್ಕೆ ಹೆಸರು ವಂಶಪಾರಂಪರ್ಯ. ಲಿಟ್ಲ್ ಕ್ರೋ ಎಂದರೆ 1862ರ ಯುದ್ಧದ ಮುಂದಾಳು ತಾಓಯಾತೆದುತಾ ಎಂದು ಎಲ್ಲರೂ ಓದುತ್ತಾರೆ. ಆದರೆ ಅವರು ಮುಖಂಡರಾದದ್ದು 1846ರ ಸುಮಾರಿಗೆ. ಅದಕ್ಕೂ ಹಿಂದಿನ ಪತ್ರದಲ್ಲಿ ಅದೇ ಹೆಸರು ಬಂದರೆ ಅದು ಅವರ ತಂದೆಯೋ ಅಜ್ಜನೋ. ಹೆಸರಿಗೆ ಒಂದು ಹಾಳೆಯಂತೆ ಇಟ್ಟು, ಕಂಡ ಪ್ರತಿ ಕಾಗುಣಿತವನ್ನೂ ತಾರೀಖು ಸಮೇತ ಬರೆದುಕೊಳ್ಳುತ್ತ ಹೋದರೆ ನೂರು ಪುಟ ದಾಟುವಷ್ಟರಲ್ಲಿ ಗೊಂದಲ ಕರಗುತ್ತದೆ. ಕನ್ನಡ ಲಿಪಿಯಲ್ಲಿ ಉಚ್ಚಾರ ಬರೆದುಕೊಳ್ಳುವುದು ಇಲ್ಲಿ ನಿಜಕ್ಕೂ ಅನುಕೂಲ, ಇಂಗ್ಲಿಷಿನ ಐದು ಕಾಗುಣಿತ ಕನ್ನಡದಲ್ಲಿ ಹತ್ತಿರಹತ್ತಿರ ಬಂದು ನಿಲ್ಲುತ್ತವೆ.

ಕಿರ್ದಿಖಾತೆ

ಮೂರು ದಿನದ ಪ್ರಶ್ನೆ ಹಾಗೇ ಉಳಿದಿದೆ.

ಹೋಗುವ ಮೊದಲೇ ಡಾಕ್ಯುಮೆಂಟ್ 61, ಒಪ್ಪಂದಗಳ ಪಠ್ಯ, ಪತ್ರಿಕೆಗಳು ಮುಗಿದಿರಬೇಕು. ಹಣ ಹಂಚಿದ್ದು ಹೆಚ್ಚಾಗಿ 1852ರ ಕೊನೆಯ ತಿಂಗಳುಗಳಲ್ಲಿ. ಆದ್ದರಿಂದ ಮೊದಲ ದಿನ 1851ರ ಜೂನ್‌ನಿಂದ ಆಗಸ್ಟ್, ಮತ್ತು 1852ರ ಜುಲೈನಿಂದ 1853ರ ಮೇವರೆಗಿನ ಪತ್ರಗಳನ್ನು ಮಾತ್ರ ನೋಡಿ. ಎರಡನೆಯ ದಿನ ಅದೇ ತಿಂಗಳುಗಳ ದಿನಚರಿ ಮತ್ತು ಮನೆಯ, ಜಮೀನಿನ ಲೆಕ್ಕ. ಸರ್ಕಾರಿ ಹಣ ಹಂಚಿದ ವಾರದಲ್ಲಿ ಖಾಸಗಿ ಖಾತೆಯಲ್ಲಿ ಏನಾಯಿತು ಎಂದು ಪಕ್ಕಪಕ್ಕ ಇಟ್ಟು ನೋಡಲು ಸಾಧ್ಯವಾಗುವುದು ಮನೆತನದ ಸಂಗ್ರಹದಲ್ಲಿ ಮಾತ್ರ, ಅದಕ್ಕೇ ಅಷ್ಟು ದೂರ ಹೋಗುವುದು. ಮೂರನೆಯ ದಿನ ಖಾಲಿ ಬಿಡಿ, ಮೊದಲೆರಡು ದಿನ ಸಿಕ್ಕ ಹೆಸರುಗಳ ಬೆನ್ನು ಹತ್ತಲು. ಸಿಬ್ಲಿಯ ಕಾಗದಗಳೂ ಅದೇ ಕಟ್ಟಡದಲ್ಲಿವೆ, ವ್ಯಾಪಾರಿಗಳ ಕಡೆಯ ಲೆಕ್ಕ ಅಲ್ಲಿ ಸಿಗುತ್ತದೆ.

ಫಿಲ್ಮ್ ಆದ ಭಾಗಕ್ಕೆ ಸಾಮಾನ್ಯವಾಗಿ ಫಿಲ್ಮನ್ನೇ ಕೊಡುತ್ತಾರೆ. ಮೂಲವೇ ಬೇಕೆಂದರೆ ಕಾರಣ ಸಹಿತ ಮುಂಚೆಯೇ ಬರೆದು ಕೇಳಿ: ಪೆನ್ಸಿಲ್ ಬರಹ ಫಿಲ್ಮಿನಲ್ಲಿ ಮೂಡಿಲ್ಲ, ಅಂಚು ಬೈಂಡಿಂಗ್ ಒಳಗೆ ಸಿಕ್ಕಿದೆ, ಇಂಥದ್ದು. ಓದುವ ಕೋಣೆಯ ನಿಯಮ ಎಲ್ಲ ಆರ್ಕೈವ್‌ಗಳದೂ ಹೆಚ್ಚುಕಡಿಮೆ ಒಂದೇ. ಪೆನ್ಸಿಲ್ ಮಾತ್ರ, ಮೇಜಿನ ಮೇಲೆ ಒಮ್ಮೆಗೆ ಒಂದು ಫೋಲ್ಡರ್, ಒಳಗಿನ ಕ್ರಮ ಕದಲಿಸುವಂತಿಲ್ಲ, ಫ್ಲ್ಯಾಶ್ ಇಲ್ಲ.

ಫೋಟೋ ತೆಗೆಯುವಾಗ ಮೊದಲು ಫೋಲ್ಡರ್‌ನ ಚೀಟಿ, ಆಮೇಲೆ ಪತ್ರದ ಮುಖ, ಬೆನ್ನು (ಖಾಲಿ ಕಂಡರೂ, ಷರಾ ಅಲ್ಲೇ ಇರುತ್ತದೆ), ಲಕೋಟೆ. ಹಳೆಯ ಕಬ್ಬಿಣದ ಶಾಯಿ ಕಂದಾಗಿ ಮಾಸಿದ್ದರೆ ಚಿತ್ರವನ್ನು ಜಿಂಪ್ ಎಂಬ ಚಿತ್ರ ತಿದ್ದುವ ತಂತ್ರಾಂಶದಲ್ಲಿ ತೆರೆದು ಕೆಂಪು, ಹಸಿರು, ನೀಲಿ ಚಾನೆಲ್ ಬೇರ್ಪಡಿಸಿ ನೀಲಿಯನ್ನು ಮಾತ್ರ ನೋಡಿ. ಕಂದು ಗೆರೆ ಅದರಲ್ಲಿ ಗಾಢವಾಗಿ ಕಾಣುತ್ತದೆ. ಪೆನ್ಸಿಲ್‌ಗೆ ಇದು ಕೆಲಸ ಮಾಡದು, ಅದು ಬೂದು. ಅಲ್ಲಿ ಕಾಂಟ್ರಾಸ್ಟ್ ಏರಿಸಿ. ಹೋಗುವ ಪತ್ರದ ನಕಲು ತೆಳು ಕಾಗದದ ಕಾಪಿಬುಕ್‌ನಲ್ಲಿದ್ದರೆ ಅದು ಒದ್ದೆ ಹಾಳೆಗೆ ಶಾಯಿ ಒತ್ತಿ ತೆಗೆದದ್ದು. ಅಕ್ಷರ ತಿರುಗುಮುರುಗಾಗಿ ಬೀಳುವುದರಿಂದ ಹಾಳೆಯ ಇನ್ನೊಂದು ಬದಿಯಿಂದ ಓದುವುದು ಪದ್ಧತಿ. ಹಿಂದಿನ ಹಾಳೆಯ ಬರಹ ಇಣುಕದಂತೆ ನಡುವೆ ಬಿಳಿ ಹಾಳೆ ಇಡಲು ಸಿಬ್ಬಂದಿಯನ್ನು ಕೇಳಿ.

ಟ್ರಾನ್ಸ್‌ಕ್ರೈಬಸ್‌ನಂಥ ಕೈಬರಹ ಓದುವ ತಂತ್ರಾಂಶ ಸಾಮಾನ್ಯ ವಾಕ್ಯಗಳನ್ನು ಚೆನ್ನಾಗಿ ಓದುತ್ತದೆ, ಹೆಸರು ಮತ್ತು ಅಂಕಿಗಳಲ್ಲಿ ಸೋಲುತ್ತದೆ. ನಿಮ್ಮ ವಿಷಯ ಹೆಸರು ಮತ್ತು ಅಂಕಿಯೇ ಆದ್ದರಿಂದ ಪ್ರತಿ ಮೊತ್ತವನ್ನೂ ಚಿತ್ರಕ್ಕೆ ಹೋಲಿಸಿ ನೋಡಲೇಬೇಕು. ಎರಡು ‘ಎಸ್’ ಒಟ್ಟಿಗೆ ಬಂದಾಗ ಮೊದಲನೆಯದನ್ನು ಉದ್ದಕ್ಕೆ ಬರೆಯುವ ಅಭ್ಯಾಸ ಆ ಕಾಲದ ಹಿರಿಯರಲ್ಲಿತ್ತು. ತಂತ್ರಾಂಶ ಅದನ್ನು ‘ಎಫ್’ ಎಂದೋ ‘ಪಿ’ ಎಂದೋ ಓದುತ್ತದೆ.

ಹಕ್ಕುಸ್ವಾಮ್ಯ: ಅಮೆರಿಕದ ಕಾನೂನಿನಲ್ಲಿ ಅಪ್ರಕಟಿತ ಪತ್ರಕ್ಕೆ ಬರೆದವರು ತೀರಿಕೊಂಡ ಮೇಲೆ 70 ವರ್ಷ ರಕ್ಷಣೆ. ರ‍್ಯಾಮ್ಸಿ (1903), ಅನ್ನಾ (1884) ಬರೆದವು ಮುಕ್ತ. ಮೊಮ್ಮಕ್ಕಳು ಬರೆದವು ಹಾಗಲ್ಲ. ಲಾರಾ 1959ರಲ್ಲಿ ತೀರಿಕೊಂಡರು, ಅವರ ಬರಹ ಮುಕ್ತವಾಗುವುದು 2030ರ ಜನವರಿ 1ಕ್ಕೆ. ಅನಿಟಾ ಅವರದು 2035ರ ಜನವರಿ 1ಕ್ಕೆ. ಅಜ್ಜನ ಬಗ್ಗೆ ಅವರು ಬರೆದಿಟ್ಟ ಟಿಪ್ಪಣಿಯನ್ನು ಪೂರ್ತಿಯಾಗಿ ಅನುವಾದಿಸಿ ಅಚ್ಚು ಹಾಕುವುದಿದ್ದರೆ ಸೊಸೈಟಿಗೆ ಮೊದಲು ಬರೆಯಿರಿ. ಪತ್ರ ಪೆಟ್ಟಿಗೆಯಲ್ಲಿ ಸೇರಿರುವುದರಿಂದ ಅದನ್ನು ಬರೆದವರೂ ರ‍್ಯಾಮ್ಸಿ ಕುಟುಂಬದವರೇ ಎಂದುಕೊಳ್ಳಬಾರದು, ಹಕ್ಕು ಬರೆದವರದು, ತರಿಸಿಕೊಂಡವರದಲ್ಲ.

ಓದುಮನೆ

ಸರಿ. ಡಾಕ್ಯುಮೆಂಟ್ 61ರಿಂದ ಶುರು ಮಾಡುತ್ತೇನೆ. ಹಣ ಸಲ್ಲಬೇಕಾದವರು, ಸಹಿ, ಸಾಕ್ಷಿ, ಹಣದ ರೂಪ ಎಂಬ ನಾಲ್ಕು ಅಂಕಣದ ಪಟ್ಟಿ ತಯಾರಿಸಿ, ಟ್ರಾವರ್ಸ್ ಡೆ ಸೂನ 2,75,000ಕ್ಕೆ ಎಷ್ಟು ರಸೀದಿ ಕೂಡಿಬರುತ್ತವೆ ನೋಡಿ ಇಲ್ಲೇ ಹಾಕುತ್ತೇನೆ. ದುಭಾಷಿಗಳ ಹೆಸರಿಗೆ ಐದನೆಯ ಅಂಕಣವನ್ನೂ ಸೇರಿಸಿಕೊಂಡೆ.